ತಂತು ತಪ್ಪಿದಾಗ

ಕಳೆದ ವರ್ಷದ ಮಾತು. ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸಲು ಅಂದೇ ಕಡೆಯ ದಿನ. ಏಳನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಬೀಡಿ ಕಟ್ಟುವ ಕೆಲಸವನ್ನು ಬಿಟ್ಟು, ಕಾಗದಪತ್ರಗಳ ಚೀಲವನ್ನು ಮಡಿಲಲ್ಲಿರಿಸಿಕೊಂಡು ನಮ್ಮ ಶಾಲೆಯ ಜಗಲಿಯಲ್ಲಿ ಕುಳಿತಿದ್ದರು. ಅರ್ಜಿ ಅರ್ಧ ತುಂಬಿದಾಗ ಕಂಪ್ಯೂಟರಿನ ಜಾಲಸಂಪರ್ಕ ಕಡಿದುಹೋಯಿತು. ಗುಡ್ಡದ ಮರೆಯ ನಮ್ಮೂರಿನಲ್ಲಿ ಮೊಬೈಲ್ ಸಂಕೇತವು ಮಾತಿಗಷ್ಟೇ ಸಾಲುವಂಥದು. ಕಿರಿಯ ಅಧ್ಯಾಪಕರು ಹೊರಗಿನ ತಂತಿಯೇ ಕಡಿದಿರಬೇಕೆಂದು ಕಂಪನಿಗೆ ಮೂರು ಬಾರಿ ದೂರು ಹೇಳಿದರು.

"ನಾಳೆ ಕೊಟ್ಟರೆ ಆಗುವುದಿಲ್ಲವಾ ಮಾಷ್ಟ್ರೇ?" ಎಂದು ಆ ತಾಯಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಕಾಸರಗೋಡಿನ ಕಡೆ ತೋಟಕ್ಕೆ ನೀರು ಬಾರದಿದ್ದರೆ ಯಾರೂ ಮೊದಲಿಗೇ ಸುರಂಗದೊಳಗೆ ನುಸುಳುವುದಿಲ್ಲ. ಕೊಳವೆಯ ಬಾಯಿ, ಅದರ ಜೋಡಣೆ, ನೀರಿನ ತೊಟ್ಟಿ ಇವನ್ನು ನೋಡಿದ ಬಳಿಕವೇ ಸುರಂಗದ ಮಾತು. ಜಾಲದ ದೋಷವನ್ನೂ ಹೀಗೆಯೇ ಹತ್ತಿರದಿಂದ ದೂರಕ್ಕೆ ಹುಡುಕಬೇಕು.

ಮೊದಲು ಕೇಬಲ್. ಅದರ ತುದಿಯನ್ನು ಕಿಂಡಿಗೆ ಒತ್ತಿದಾಗ 'ಟಕ್' ಎಂದು ಕಚ್ಚಿಕೊಳ್ಳಬೇಕು. ಪಕ್ಕದ ಪುಟ್ಟ ದೀಪ ಬೆಳಗಬೇಕು.

ಎರಡನೆಯದು ರೌಟರ್. ಅದೇ ರೌಟರಿನಿಂದ ಇನ್ನೊಂದು ಯಂತ್ರಕ್ಕೆ ಸಂಪರ್ಕ ದೊರೆಯುತ್ತಿದ್ದರೆ ದೋಷವಿರುವುದು ನಮ್ಮ ಯಂತ್ರದಲ್ಲಿ ಅಥವಾ ಅದರ ಕೇಬಲಿನಲ್ಲಿ. ಫೈಬರ್ ಪೆಟ್ಟಿಗೆಯಲ್ಲಿ 'ಲಾಸ್' ಎಂಬ ಕೆಂಪು ದೀಪ ಮಿನುಗಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಆಗ ಮಾತ್ರ ಕಂಪನಿಗೆ ಹೇಳಿಕಳುಹಿಸುವುದು ಯುಕ್ತ.

ಮೂರನೆಯದು ವಿಳಾಸ. ಕಂಪ್ಯೂಟರಿನ ಜಾಲವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ರೌಟರಿನಿಂದ ವಿಳಾಸ ದೊರೆತಿಲ್ಲ. ರೌಟರನ್ನು ಆರಿಸಿ, ಅರ್ಧ ನಿಮಿಷ ತಡೆದು ಹಚ್ಚಿರಿ. ಆರಿಸುವ ಮುನ್ನ ದೀಪಗಳ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿರಿ. ಇಲ್ಲವಾದರೆ ರೋಗದ ಲಕ್ಷಣವೇ ಅಳಿಸಿಹೋಗುತ್ತದೆ.

ನಾಲ್ಕನೆಯದು 'ಪಿಂಗ್'. 1983ರಲ್ಲಿ ಅಮೆರಿಕದ ಮೈಕ್ ಮೂಸ್ ರಚಿಸಿದ ಈ ಪುಟ್ಟ ಸಾಧನವು ದೂರದ ಯಂತ್ರವನ್ನು ಕೂಗಿ ಕರೆದು ಮರುದನಿಗೆ ಕಾಯುತ್ತದೆ. ಮೊದಲು ರೌಟರನ್ನು ಕರೆಯಿರಿ. ಅದರ ವಿಳಾಸ ಅನೇಕ ಕಡೆ 192.168.1.1. ಬಳಿಕ ಹೊರಗಿನ 8.8.8.8 ಅನ್ನು ಕರೆಯಿರಿ. ಇದು ಓಗೊಟ್ಟರೂ ಹೆಸರು ಬರೆದಾಗ ಪುಟ ತೆರೆಯದಿದ್ದರೆ, ದಾರಿ ಸರಿಯಾಗಿದೆ; ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಡಕಿರುವ ಸಂಭವ ಹೆಚ್ಚು.

ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ನಾಲ್ಕನ್ನು ಒಮ್ಮೆಗೇ ತಿರುಗಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಅಂದು ನಾವು ಎರಡನೆಯ ಮೆಟ್ಟಿಲನ್ನು ಏರಬೇಕಾಗಲಿಲ್ಲ. ಕೇಬಲಿನ ತುದಿಯ ಪ್ಲಾಸ್ಟಿಕ್ ನಾಲಗೆ ಮುರಿದು, ಅದು ಕಿಂಡಿಯಿಂದ ಕೂದಲೆಳೆಯಷ್ಟು ಜಾರಿತ್ತು. ಹಿಂದಿನ ಸಂಜೆ ಮೇಜನ್ನು ಎಳೆದವನು ನಾನೇ! ಕೇಬಲನ್ನು ಬದಲಿಸಿದೆವು. ನಾಲ್ಕು ಗಂಟೆಗೆ ಅರ್ಜಿ ಹೋಯಿತು. ರಸೀದಿಯನ್ನು ಮಡಚಿ ಚೀಲದಲ್ಲಿಟ್ಟು ಆ ತಾಯಿ ಮನೆಗೆ ನಡೆದರು.

ದೂರದವರನ್ನು ದೂರುವ ಮುನ್ನ ನಮ್ಮ ಮೇಜಿನ ಕೆಳಗೆ ಒಮ್ಮೆ ಬಗ್ಗಿ ನೋಡೋಣ.