ವಿದ್ಯುತ್ಪ್ರವಾಹವೂ ನಮ್ಮ ಹೆಣ್ಣುಮಕ್ಕಳ ತಿಳಿವಳಿಕೆಯೂ

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಿದ್ದಳು. ಅವಳು ಭೌತಶಾಸ್ತ್ರವನ್ನಾರಿಸಿಕೊಂಡು ಬಿ.ಎಸ್‌ಸಿ. ಓದುತ್ತಿರುವವಳು. ಮಾತಿನ ನಡುವೆ ಅವಳ ಕೈಗೆ ಟಾರ್ಚಿನ ಸೆಲ್ಲೊಂದನ್ನೂ ಸಣ್ಣ ಬಲ್ಬೊಂದನ್ನೂ ಒಂದೇ ತುಂಡು ತಂತಿಯನ್ನೂ ಕೊಟ್ಟು, ದೀಪವನ್ನು ಹೊತ್ತಿಸೆಂದೆವು. ಓಮನ ನಿಯಮವನ್ನು ತಡೆಯಿಲ್ಲದೆ ಹೇಳಬಲ್ಲ ಆ ಹುಡುಗಿಯು ತಂತಿಯ ಒಂದು ತುದಿಯನ್ನು ಸೆಲ್ಲಿಗೂ ಇನ್ನೊಂದನ್ನು ಬಲ್ಬಿನ ಬುಡಕ್ಕೂ ಮುಟ್ಟಿಸಿ ಮುಟ್ಟಿಸಿ ಸೋತಳು. ಅವಳಿಗೆ ಆ ಪಾಠವನ್ನು ಹೇಳಿದವರು ನಾವೇ ಆದುದರಿಂದ ನಾಚಿಕೆಯು ನಮ್ಮದು.

ಈ ಕೊರತೆಯು ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮೆಕ್‌ಡರ್ಮಟ್ ಮತ್ತು ಶಾಫರ್ ಎಂಬ ವಿದ್ವಾಂಸರು ಒಂದೇ ಬಗೆಯ ಐದು ಬಲ್ಬುಗಳನ್ನು ಮೂರು ಮಂಡಲಗಳಲ್ಲಿ ತೋರಿಸಿ, ಯಾವುದು ಹೆಚ್ಚು ಬೆಳಗುವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಪಾಠ ಕೇಳಿದ ಮೇಲೂ ಸರಿಯಾಗಿ ಉತ್ತರಿಸಿದವರು ನೂರಕ್ಕೆ ಸುಮಾರು 15 ಮಂದಿ ಮಾತ್ರವೆಂದು 1992ರಲ್ಲಿ ಪ್ರಕಟಿಸಿದರು.

ಎಲ್ಲೆಡೆಯೂ ಕಾಣುವ ತಪ್ಪು ಭಾವನೆಯು ಇದು: ಮೊದಲನೆಯ ಬಲ್ಬು ಪ್ರವಾಹದಲ್ಲಿ ಒಂದು ಪಾಲನ್ನು ನುಂಗಿಬಿಡುವುದರಿಂದ, ಅದೇ ಸಾಲಿನ ಎರಡನೆಯದು ಮಂಕಾಗುವುದು. ಈ ಊಹೆಯನ್ನು ನಾವು ಹೀಗಳೆಯಲಾರೆವು. ಮಂಡ್ಯ, ಮದ್ದೂರುಗಳ ರೈತರ ಮಕ್ಕಳು ವಿಶ್ವೇಶ್ವರಯ್ಯ ನಾಲೆಯ ನೀರನ್ನು ಕಂಡವರು. ಮೇಲಿನ ಗದ್ದೆಯು ಕುಡಿದ ಮೇಲೆ ಕೊನೆಯ ಗದ್ದೆಗೆ ಉಳಿಯುವುದು ಕಡಮೆಯೆಂಬುದು ಅವರ ಅನುಭವ.

ಆದರೆ ತಕ್ಕ ದೃಷ್ಟಾಂತವು ಇನ್ನೂ ಹತ್ತಿರದಲ್ಲಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. ಅಲ್ಲಿ ಯಂತ್ರವನ್ನು ತಿರುಗಿಸಿದ ಕಾವೇರಿಯ ನೀರು ಒಂದಿಷ್ಟೂ ಸವೆಯದೆ ಮತ್ತೆ ಹೊಳೆಗೇ ಸೇರುವುದು. ಯಂತ್ರವು ಪಡೆದದ್ದು ನೀರನ್ನಲ್ಲ, ನೀರು ಬಿದ್ದ ಶಕ್ತಿಯನ್ನು. ದೀಪವೂ ಹಾಗೆಯೇ: ಒಳಹೊಕ್ಕಷ್ಟು ಪ್ರವಾಹವೂ ಹೊರಬರುವುದು, ಬೆಳಕೂ ಕಾವೂ ಆಗಿ ವ್ಯಯವಾಗುವುದು ಶಕ್ತಿ. ಮನೆಯ ಬಿಲ್ಲಿನಲ್ಲಿ ನಾವು ತೆರುವ ಯೂನಿಟ್ಟು ಕೂಡ ಶಕ್ತಿಯ ಅಳತೆಯೇ. ಆದುದರಿಂದ ಒಂದೇ ಸಾಲಿನಲ್ಲಿರುವ ಸಮಾನವಾದ ಎರಡು ಬಲ್ಬುಗಳು ಸಮನಾಗಿಯೇ ಬೆಳಗುವುವು. ಒಂಟಿ ಬಲ್ಬಿಗಿಂತ ಎರಡೂ ಮಂಕಾಗಿರುವುವು, ಅಷ್ಟೆ.

ಹೇಳಿದ ಮಾತ್ರಕ್ಕೆ ಇದು ಮನಸ್ಸಿನಲ್ಲಿ ನಿಲ್ಲದು. ಹುಡುಗಿಯು ಮೊದಲು ತನ್ನ ಊಹೆಯನ್ನು ನಿರ್ಭಯವಾಗಿ ನುಡಿಯಬೇಕು. ಬಳಿಕ ಬಲ್ಬುಗಳನ್ನು ತಾನೇ ಜೋಡಿಸಿ, ಸ್ಥಾನ ಬದಲಿಸಿ ನೋಡಬೇಕು. ಊಹೆಯು ಕಣ್ಣೆದುರಿಗೇ ಸುಳ್ಳಾದಾಗ ಹುಟ್ಟುವ ಅರಿವು ಪರೀಕ್ಷೆಯ ಮಾರನೆಯ ದಿನ ಅಳಿಯುವುದಿಲ್ಲ. ಈ ವರ್ಷದಿಂದ ನಮ್ಮ ತರಗತಿಗಳಲ್ಲಿ ಸೂತ್ರಕ್ಕೆ ಮುಂಚೆ ಸೆಲ್ಲೂ ತಂತಿಯೂ ಮಕ್ಕಳ ಕೈಗೆ ಬರುವುವು. ಇವು ಟಾರ್ಚಿನ ಸೆಲ್ಲಿನಿಂದ ಮಾಡತಕ್ಕ ಪ್ರಯೋಗಗಳು. ಮನೆಯ ವಿದ್ಯುತ್ತಿನೊಡನೆ ಎಂದಿಗೂ ಮಾಡಕೂಡದು.

ನಮ್ಮಲ್ಲಿ ಕಲಿತವರು ಅನೇಕರು ಇಂದು ಉಪಾಧ್ಯಾಯಿನಿಯರಾಗಿದ್ದಾರೆ. ನಾವು ತಿದ್ದದೆ ಬಿಟ್ಟ ತಪ್ಪು ಅವರ ಮೂಲಕ ಇನ್ನೊಂದು ತಲೆಮಾರಿಗೆ ದಾಟುವುದು. ತಾಯಿತಂದೆಗಳು ಸಂಜೆ ಮಗಳನ್ನು “ಎಷ್ಟು ನಂಬರು ಬಂತಮ್ಮ?” ಎಂದು ಕೇಳುವುದರ ಜೊತೆಗೆ, “ಏನು ಮಾಡಿ ನೋಡಿದೆಯಮ್ಮ?” ಎಂದೂ ಕೇಳಬೇಕೆಂದು ಪ್ರಾರ್ಥಿಸುತ್ತೇವೆ.

ಆ ವಿದ್ಯಾರ್ಥಿನಿಯು ಕಡೆಗೆ ಬಲ್ಬಿನ ಬುಡವನ್ನು ಸೆಲ್ಲಿನ ತಲೆಯ ಮೇಲಿಟ್ಟು, ಸೆಲ್ಲಿನ ತಳದಿಂದ ತಂತಿಯನ್ನು ಬಲ್ಬಿನ ಲೋಹದ ಮಗ್ಗುಲಿಗೆ ತಾಗಿಸಿದಳು. ದೀಪವು ಹೊತ್ತಿತು. “ಸುತ್ತು ಪೂರ್ತಿಯಾಗಬೇಕು, ಅಲ್ಲವೇ ಮೇಡಂ?” ಎಂದಳು. ಅಂದು ನಾವಿಬ್ಬರೂ ಕಲಿತೆವು.