ಹುರಿಗಡಲೆ ಇರುವಾಗ ಡಬ್ಬಿಯ ಪುಡಿ ಏಕೆ?

ಜಯನಗರ, ಬಿಟಿಎಂ ಬಡಾವಣೆಯ ಜಿಮ್‌ಗಳಲ್ಲಿ ಪ್ರೋಟೀನ್ ಪುಡಿ ಕಲಕುವ ಯುವಕರು ಪಕ್ಕದ ದಿನಸಿ ಅಂಗಡಿಯನ್ನೂ ನೋಡಬೇಕು. ಅಲ್ಲಿನ ಹುರಿಗಡಲೆಯ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ.

30 ಗ್ರಾಂ ಹುರಿಗಡಲೆಯನ್ನು ಮೊದಲು ನುಣ್ಣಗೆ ಪುಡಿ ಮಾಡಬೇಕು. ಅದಕ್ಕೆ ಕೆನೆ ತೆಗೆದ ಹಾಲಿನ ಮೊಸರು ಒಂದು ಲೋಟ, ಒಂದು ಸಣ್ಣ ಏಲಕ್ಕಿ ಬಾಳೆಹಣ್ಣು ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿದರೆ ಸ್ಮೂದಿ ಸಿದ್ಧ. ಸುಮಾರು 12 ಗ್ರಾಂ ಪ್ರೋಟೀನ್, 250ರ ಆಸುಪಾಸು ಕ್ಯಾಲರಿ. ಜೇನುತುಪ್ಪ ಬೇಡ, ಒಂದು ದೊಡ್ಡ ಚಮಚಕ್ಕೇ 60 ಕ್ಯಾಲರಿ ಏರುತ್ತದೆ. ಸೋಸುವುದೂ ಬೇಡ, ನಾರು ಹೋಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಮೈಕಟ್ಟಿಗಾಗಿ ಪ್ರೋಟೀನ್ ಪುಡಿ ಬೇಡವೆಂದಿದೆ.

ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಕುಡಿಯಲಿ.