ಪಾಚಿಗೆ ಬಾಟಲಿ ಔಷಧಿ ಬೇಡ ಸ್ವಾಮಿ

ನಮ್ಮ ಬ್ರಾಂಚಿನ ಹುಡುಗನೊಬ್ಬ ಹೊಸದಾಗಿ ಉಪ್ಪುನೀರಿನ ಅಕ್ವೇರಿಯಂ ಇಟ್ಟ. ಮೂರನೇ ವಾರಕ್ಕೆ ಮರಳಿನ ಮೇಲೆ ಕಂದು ಬಣ್ಣದ ಪದರ, ಆಮೇಲೆ ಕಲ್ಲಿನ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ. ಅಂಗಡಿಯವನು ಒಂದು ಬಾಟಲಿ ಕೊಟ್ಟು ಕಳಿಸಿದ. ಪಾಚಿ ಸತ್ತಿತು, ನಾಲ್ಕು ದಿನಕ್ಕೆ ಎರಡು ಕ್ಲೌನ್ ಮೀನುಗಳೂ ಸತ್ತವು. ಅವನ ಮಗಳು ಊಟ ಬಿಟ್ಟು ಕೂತಿದ್ದಳಂತೆ.

ಸಾಯದೆ ಏನು ಮಾಡುತ್ತವೆ ಹೇಳಿ? ಸತ್ತ ಪಾಚಿ ತೊಟ್ಟಿಯಲ್ಲೇ ಕೊಳೆಯುತ್ತೆ. ಕೊಳೆಯುವಾಗ ಆಮ್ಲಜನಕ ತಿನ್ನುತ್ತೆ. ಮದ್ರಾಸಿನ ಮೇ ತಿಂಗಳ ಬಿಸಿನೀರಿನಲ್ಲಿ ಅದು ಮೊದಲೇ ಕಮ್ಮಿ. (1994ರಲ್ಲಿ ವರ್ಗವಾಗಿ ಬಂದವನು ನಾನು, ಚೆನ್ನೈ ಅನ್ನೋಕೆ ಇನ್ನೂ ನಾಲಿಗೆ ಹೊರಳೋದಿಲ್ಲ.) ಮೇಲಾಗಿ ಪಾಚಿ ತಿಂದಿದ್ದ ಫಾಸ್ಫೇಟು, ನೈಟ್ರೇಟು ವಾಪಸ್ ನೀರಿಗೇ ಬರುತ್ತೆ. ಮುಂದಿನ ತಿಂಗಳು ಹೊಸ ಪಾಚಿ, ಹೊಸ ಬಾಟಲಿ. ಯಾರಿಗೆ ಲಾಭ ಅಂತ ಬಿಡಿಸಿ ಹೇಳಬೇಕಾ?

ಬಿಕಾಂ ಓದಿದವನಿಗೆ ತಿಳಿಯುವಷ್ಟೇ ಲೆಕ್ಕ ಇದು. ತೊಟ್ಟಿಗೆ ಫಾಸ್ಫೇಟು ಎಲ್ಲಿಂದ ಬಂತು ಅಂತ ಮೊದಲು ನೋಡಿ. ಈ ಹುಡುಗ ಸಮುದ್ರದ ನೀರು ಪುಕ್ಕಟೆ ಅಂತ ಬೆಸೆಂಟ್ ನಗರದ ಬೀಚಿನಿಂದ ಕ್ಯಾನು ತುಂಬಿ ತಂದಿದ್ದ. ಪಕ್ಕದಲ್ಲೇ ಅಡ್ಯಾರ್ ನದಿ ಊರಿನ ಚರಂಡಿಯನ್ನೆಲ್ಲ ಹೊತ್ತು ತಂದು ಕಡಲಿಗೆ ಸುರಿಯುತ್ತೆ, ಮಾರಾಯ್ರೆ! ಅದು ಸಾಲದು ಅಂತ, ದಿನಾ ಆವಿಯಾದಷ್ಟು ನೀರಿಗೆ ನಲ್ಲಿ ನೀರು. ಆವಿಯಾಗೋದು ನೀರು ಮಾತ್ರ, ಅದರಲ್ಲಿದ್ದ ಫಾಸ್ಫೇಟು, ಸಿಲಿಕೇಟು ತೊಟ್ಟಿಯಲ್ಲೇ ಉಳಿದು ದಿನದಿನಕ್ಕೆ ಬೆಳೆಯುತ್ತವೆ. ಅಡುಗೆಮನೆಯ ಆರ್‌ಓ ನಂಬಬೇಡಿ, ಎಷ್ಟೋ ಮಷೀನು ರುಚಿಗೆ ಅಂತ ಹಳೇ ನೀರನ್ನೇ ಒಂದಿಷ್ಟು ಬೆರೆಸಿ ಕೊಡುತ್ತವೆ. ಡಿಐ ಫಿಲ್ಟರ್ ಸೇರಿಸಿ, ಟಿಡಿಎಸ್ ಸೊನ್ನೆಗೆ ಬಂದ ನೀರನ್ನೇ ಹಾಕಿ.

ಕಂದು ಪದರಕ್ಕಂತೂ ಏನೂ ಮಾಡಬೇಡಿ. ಅದು ಡಯಾಟಮ್, ಸಿಲಿಕೇಟು ಮುಗಿದರೆ ತಾನೇ ಹೋಗುತ್ತೆ. ಹಸಿರು ಕೂದಲನ್ನು ಕೈಯಿಂದ ಕಿತ್ತು ಆಚೆ ಹಾಕಿ. ಹಾಗೆ ಕಿತ್ತಾಗ ಫಾಸ್ಫೇಟೂ ಮನೆ ಬಿಟ್ಟು ಹೋಗುತ್ತೆ. ದೀಪ ದಿನಕ್ಕೆ ಏಳೆಂಟು ಗಂಟೆ ಸಾಕು, ತಿಂಡಿ ಅರ್ಧ ಮಾಡಿ, ಪಾಚಿ ಮೇಯುವ ನಾಲ್ಕು ಬಸವನಹುಳು ಬಿಡಿ. ಕೆಂಪು ಲೋಳೆ ಕಂಡರೆ ಎರಿತ್ರೋಮೈಸಿನ್ ಮಾತ್ರೆ ಹಾಕು ಅನ್ನುವ ಪಂಡಿತರಿದ್ದಾರೆ. ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಮಾತ್ರೆಗೆ ಅದು ಸಾಯಬಹುದು, ಆದರೆ ಅಮೋನಿಯ ಅರಗಿಸಲಿ ಅಂತ ಐದಾರು ವಾರ ಕಾದು ಬೆಳೆಸಿದ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು.

ಇನ್ನೊಂದು ಮಾತು. ‘ಮನ್ನಾರ್ ಕೊಲ್ಲಿಯ ಹವಳದ ಕಲ್ಲು ಹಾಕಿ ಸಾರ್, ಪಾಚಿ ಬರಲ್ಲ’ ಅಂತಲೂ ಒಬ್ಬ ಹೇಳಿದನಂತೆ. 2001ರಿಂದ ಗಟ್ಟಿ ಹವಳ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಹುಲಿಯ ಜೊತೆ. ಹುಡುಗನಿಗೆ ಅಷ್ಟೇ ಹೇಳಿದೆ. ಈಗ ಒಣ ಕಲ್ಲು ಇಟ್ಟು, ಖಾಲಿ ತೊಟ್ಟಿ ನೋಡುತ್ತಾ ಕಾಯ್ತಾ ಇದ್ದಾನೆ.